ಬ್ಯಾರನ್ ಮೇಲಿನ ಸೀರೆ

ಜವರಯ್ಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕೆಳಗಿನ ಸಾಲಿನಿಂದ ಒಂದು ಸೊಪ್ಪು ಕಿತ್ತು ಬೆರಳಿಗೆ ಸುತ್ತಿ ನೋಡಿದ. ಅದು ಮುರಿಯಲಿಲ್ಲ. ಇನ್ನೊಂದು ಕಿತ್ತ. ಅದೂ ಮುರಿಯದೆ, ಹಳೇ ಪಂಚೆಯ ಅಂಚಿನ ಹಾಗೆ ಮೆತ್ತಗೆ ಸುತ್ತಿಕೊಂಡಿತು. ಬೇರೆ ದಿನವಾಗಿದ್ದರೆ ಖುಷಿಪಡುವ ಸಂಗತಿಯೇ. ಐದಾರು ದಿನ ಬೆಂಕಿ ಕೊಟ್ಟ ಹೊಗೆಸೊಪ್ಪು ಹಪ್ಪಳದ ಹಾಗಿರುತ್ತದೆ, ಮುಟ್ಟಿದರೆ ಪುಡಿ. ಬ್ಯಾರನ್ನಿನ ಬಾಗಿಲು ತೆಗೆದಿಟ್ಟು, ಗಾಳಿಯಲ್ಲಿರುವ ತೇವ ಕುಡಿಸಿ, ಅದು ಹದಕ್ಕೆ ಬಂದ ಮೇಲೆಯೇ ಕೆಳಗಿಳಿಸಬೇಕು. ಅದಕ್ಕೆ ಬೆಳಗಿನ ಇಬ್ಬನಿಯೇ ಆಗಬೇಕು. ಈಗ ನೋಡಿದರೆ ಹನ್ನೊಂದು ಗಂಟೆ. ಹೊರಗೆ ಬಿಸಿಲು ಚುರುಗುಟ್ಟುತ್ತಿದೆ, ಒಳಗೆ ಸೊಪ್ಪು ತಾನೇ ತಾನಾಗಿ ಹದಕ್ಕೆ ಬಂದು ಕೂತಿದೆ.

"ಗಾಳೀಲಿ ನೀರದೆ," ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ.

ಇಪ್ಪತ್ತೆಂಟು ವರ್ಷದಿಂದ ಸೊಪ್ಪು ಬೇಯಿಸುತ್ತಿದ್ದ ಜವರಯ್ಯ, ನೆತ್ತಿಯ ಬಿಸಿಲಲ್ಲಿ ಹೀಗಾದದ್ದನ್ನು ಕಂಡದ್ದು ಎರಡೇ ಸಲ. ಎರಡು ಸಲವೂ ಸಂಜೆಯೊಳಗೆ ಗುಡುಗು ಸಿಡಿಲಿನ ಮಳೆ ಹುಯ್ದಿತ್ತು. ಒಂದು ಸಲವಂತೂ ಪಕ್ಕದ ಪುಟ್ಟಮಲ್ಲಪ್ಪನ ಕೊಟ್ಟಿಗೆಯ ತಗಡಿನ ಸೀಟುಗಳು ಹಾರಿ ಹೋಗಿ ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿ ಸಿಕ್ಕಿದ್ದವು. ಮಳೆ ಬಂದರೆ ಬರಲಿ, ಅಕ್ಟೋಬರ್ ಮಳೆಗೆ ಹನಗೋಡಿನ ಕಡೆಯವರು ಯಾರೂ ಅಂಜುವುದಿಲ್ಲ. ಆದರೆ ಇವತ್ತು ಮಧ್ಯಾಹ್ನ ಎರಡೂವರೆಗೆ ಅವನ ಮಗಳು ರೂಪಶ್ರೀ ಮೈಸೂರಿನಿಂದ ಒಬ್ಬಳೇ ವಿಮಾನ ಹಾರಿಸಿಕೊಂಡು ಹುಣಸೂರಿನ ಮೇಲೆ ಹಾದು ಬಂದು, ಈ ಊರು ದಾಟಿ, ಪಿರಿಯಾಪಟ್ಟಣದ ಹತ್ತಿರ ತಿರುಗಿ ವಾಪಸು ಹೋಗುವವಳಿದ್ದಳು. ಪಕ್ಕದಲ್ಲಿ ಹೇಳಿಕೊಡುವವರಿಲ್ಲದೆ ಅಷ್ಟು ದೂರ ಹಾರುವುದು ಇದೇ ಮೊದಲು.

ರೂಪಶ್ರೀ ಮೈಸೂರಿನ ಪೈಲಟ್ ಶಾಲೆಗೆ ಸೇರಿ ಒಂದೂವರೆ ವರ್ಷವಾಗಿತ್ತು. ಓದಿನಲ್ಲಿ ಚುರುಕು. ಎಂಜಿನ್ನು, ದಿಕ್ಕು, ಕಾನೂನು, ಎಲ್ಲ ಪೇಪರೂ ಒಂದೇ ಏಟಿಗೆ ಪಾಸು ಮಾಡಿದವಳು ಹವಾಮಾನದ ಪೇಪರಿನಲ್ಲಿ ಮಾತ್ರ ಡುಮ್ಕಿ ಹೊಡೆದಿದ್ದಳು. ಅದು ಹೇಗೋ ಊರಿಗೆ ಗೊತ್ತಾಗಿ ಅರಳಿಕಟ್ಟೆಯಲ್ಲಿ ವಾರಗಟ್ಟಲೆ ಅದೇ ಮಾತು. "ಒಕ್ಕಲು ಮಕ್ಳು ಮಳೆ ಗಾಳೀಲಿ ಫೇಲಾಯ್ತಾರಾ? ನಮ್ಮೆಮ್ಮೆ ಕೂರ್ಸುದ್ರೂ ಪಾಸಾಯ್ತದೆ ಕಣ್ಲಾ," ಎಂದು ಪುಟ್ಟಮಲ್ಲಪ್ಪ ಹೋದಲ್ಲಿ ಬಂದಲ್ಲಿ ಹೇಳಿ ನಗಿಸಿದ್ದ. ಜವರಯ್ಯ ಅರಳಿಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದ.

ಫೇಲಾಗಿ ರಜೆಗೆ ಬಂದ ಮಗಳು ದಪ್ಪ ಪುಸ್ತಕ ಹಿಡಿದು ಬ್ಯಾರನ್ನಿನ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದಾಗ ಅವನು ಒಳಗೆ ಕರೆದು ಎರಡು ಥರ್ಮಾಮೀಟರ್ ತೋರಿಸಿದ್ದ. ಒಂದು ಹಾಗೇ ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. "ನೋಡು ಮಗ, ಇವೆರಡೂ ದೂರ ನಿಂತಿದ್ರೆ ಗಾಳಿ ಹಸ್ಕೊಂಡದೆ ಅಂತ, ಸೊಪ್ಪಿನ್ ನೀರ ಕುಡೀತದೆ. ಹತ್ರತ್ರ ಬಂದ್ರೆ ಅದರ ಹೊಟ್ಟೆ ತುಂಬ್ಕತಾ ಅದೆ ಅಂತ. ಹೊಟ್ಟೆ ತುಂಬುದ್ ಮ್ಯಾಲೆ ಕಕ್ಲೇಬೇಕು. ಮಂಜಾಗ್ಲಿ, ಮಳೆಯಾಗ್ಲಿ." ರೂಪಶ್ರೀ ಕಣ್ಣೊರೆಸಿಕೊಂಡು ಬಹಳ ಹೊತ್ತು ಆ ಗಾಜಿನ ಕಡ್ಡಿಗಳನ್ನೇ ನೋಡಿದ್ದಳು. "ಇದ್ನೇ ಆ ಪುಸ್ತಕ್ದಲ್ಲಿ ಇಪ್ಪತ್ತು ಪುಟ ಬರ್ದವ್ರೆ ಕಣಪ್ಪ," ಎಂದು ನಕ್ಕಿದ್ದಳು. ಎರಡನೇ ಸಲಕ್ಕೆ ಪಾಸಾದಳು. ಆದರೆ ಫೇಲಾದ ಸುದ್ದಿಗೆ ಇದ್ದಷ್ಟು ಕಾಲು ಪಾಸಾದ ಸುದ್ದಿಗೆ ಇರುತ್ತದೆಯೇ? ಅರಳಿಕಟ್ಟೆಯವರೆಗೆ ಅದು ಬರಲೇ ಇಲ್ಲ.

ಅದಕ್ಕೇ ಜವರಯ್ಯ ಈ ಹಾರಾಟದ ಸುದ್ದಿಯನ್ನು ಊರಿಗೆಲ್ಲ ಡಂಗುರ ಹೊಡೆದಿದ್ದ. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಮೊನ್ನೆ ಫೋನಿನಲ್ಲಿ ಮಗಳಿಗೂ ಹೇಳಿದ್ದ, "ತಪ್ಪಿಸ್ಬ್ಯಾಡ ಕಣವ್ವ. ಊರ್ಗೇ ಯೋಳಿವ್ನಿ. ನನ್ ಮಾನ ನಿನ್ ಕೈಲದೆ."

"ವೆದರ್ ಚೆನ್ನಾಗಿದ್ರೆ ಬತ್ತೀನಿ ಕಣಪ್ಪ," ಅಂದಿದ್ದಳು ಅವಳು.

"ವೆದರ್‌ಗೇನ್ ಬಂದದೆ ಧಾಡಿ? ನೀ ಬಾ."

ಈಗ ಆ ಮಾತು ನೆನಪಾಗಿ ಜವರಯ್ಯನಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕೆನಿಸಿತು. ತುಂಬಿದ ಹೊಟ್ಟೆಯ ಗಾಳಿಯೊಳಕ್ಕೆ ಮಗಳನ್ನು ನೂಕಿದವನು ತಾನೇ. ಅವಳು ಅಪ್ಪನ ಮಾತು ಮೀರಿದವಳಲ್ಲ. ಕಾಲೇಜಿಗೆ ಹೋಗುವಾಗಲೂ ಆರು ಗಂಟೆಗೆ ಮನೆಗೆ ಬಾ ಅಂದರೆ ಐದೂ ಮುಕ್ಕಾಲಿಗೇ ಜಗುಲಿಯ ಮೇಲೆ ಇರುತ್ತಿದ್ದವಳು.

ಬ್ಯಾರನ್ನಿನ ಬಾಗಿಲನ್ನು ತೆರೆದೇ ಬಿಟ್ಟು ಅವನು ಮನೆಗೆ ಓಡಿದ. ಹೆಂಡತಿ ರುಕ್ಮಿಣಮ್ಮ ಊರವರಿಗೆಂದು ದೊಡ್ಡ ಪಾತ್ರೆಯಲ್ಲಿ ಪಾಯಸ ತಿರುವುತ್ತಿದ್ದಳು. ಅವಳ ಫೋನು ತೆಗೆದು ಮಗಳಿಗೆ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಅದೇ ಹೆಂಗಸಿನ ದನಿ ಅದನ್ನೇ ಹೇಳಿತು.

"ಹಾರೋ ದಿನ ಆಫ್ ಮಾಡ್ತೀನಿ ಅಂತ ಅವ್ಳೇ ಯೋಳಿರ್ನಿಲ್ವಾ? ಯಾಕ್ರೀ, ಏನಾಯ್ತು?"

"ಸೊಪ್ಪು ಮೆತ್ತಗಾಗ್ಬುಟ್ಟದೆ ಕಣೆ."

ಹೊಗೆಸೊಪ್ಪಿನ ಮನೆಯಲ್ಲಿ ಬಾಳಿದವಳಿಗೆ ಅಷ್ಟು ಸಾಕಾಯಿತು. ಸೌಟು ನಿಂತಿತು. "ಅವ್ಳಿಗೂ ಗೊತ್ತಾಯ್ತದೆ ಬುಡಿ. ಅದ್ನೇ ಅಲ್ವಾ ಓದಿರಾದು," ಎಂದಳು. ಹೇಳಿದ್ದು ಅವನಿಗೋ ತನಗೋ ತಿಳಿಯಲಿಲ್ಲ. ಪಾಯಸ ತಳ ಹಿಡಿಯಿತು.

ಎರಡು ಗಂಟೆಗೆಲ್ಲ ಬ್ಯಾರನ್ನಿನ ಪಕ್ಕದ ಕಣದಲ್ಲಿ ಅರ್ಧ ಊರು ಸೇರಿತ್ತು. ಬ್ಯಾರನ್ನಿನ ಸೀಟಿನ ಮಾಡಿನ ಮೇಲೆ ಒಂದು ಕೆಂಪು ಸೀರೆ ಹಾಸಿ ಮೂಲೆಗಳಿಗೆ ಕಲ್ಲು ಹೇರಿದ್ದರು. ಅದು ಜವರಯ್ಯನ ತಾಯಿ ಭದ್ರಮ್ಮನ ಹಟ. "ಮ್ಯಾಲಿಂದ ನೋಡುದ್ರೆ ಎಲ್ಲಾ ಬ್ಯಾರನ್ನೂ ಒಂದೇ ಥರ ಕಾಣ್ತವೆ ಕಣ್ಲಾ. ನಮ್ಮನೆ ಯಾವ್ದು ಅಂತ ಮಗ ಎಂಗ್ ಕಂಡಿಡೀತದೆ?" ಎಂದು ತನ್ನ ಮದುವೆಯ ಸೀರೆಯನ್ನೇ ಪೆಟ್ಟಿಗೆಯಿಂದ ತೆಗೆದು, ನಿನ್ನೆ ಮಗನನ್ನು ಏಣಿ ಹತ್ತಿಸಿದ್ದಳು. ಈಗ ಕಣದ ನಡುವೆ ಕುರ್ಚಿ ಹಾಕಿಸಿಕೊಂಡು, ಕೈಯನ್ನು ಹಣೆಗೆ ಅಡ್ಡ ಹಿಡಿದು ಕೂತಿದ್ದಳು.

ಗಾಳಿ ಪೂರಾ ನಿಂತುಹೋಗಿತ್ತು. ಪುಟ್ಟಮಲ್ಲಪ್ಪನ ಬ್ಯಾರನ್ನಿನ ಹೊಗೆ ಮೇಲೇಳಲಾರದೆ ಮಾಡಿನ ಮೇಲೇ ಮಲಗಿತ್ತು. ಕಾಕನಕೋಟೆ ಕಡೆಯ ಕಾಡಿನ ಮೇಲೆ ಬೆಳ್ಳಗೆ ಹೂಕೋಸಿನಂಥ ಮೋಡ ಒಂದರ ಮೇಲೊಂದು ಹತ್ತುತ್ತಿತ್ತು. ನೋಡನೋಡುತ್ತ ಅದರ ಬುಡ ಮಸಿಯಾಯಿತು. ಜವರಯ್ಯ ಅದರಿಂದ ಕಣ್ಣು ಕೀಳಲಿಲ್ಲ. ರಜೆಯಲ್ಲಿ ಬಂದಾಗ ಮಗಳೇ ಅಂಥದ್ದೊಂದು ಮೋಡ ತೋರಿಸಿ ಹೇಳಿದ್ದಳು. ಅದರೊಳಗೆ ಗಾಳಿ ಮೇಲಕ್ಕೂ ಕೆಳಕ್ಕೂ ಒಟ್ಟಿಗೇ ನುಗ್ಗುತ್ತದೆ, ದೊಡ್ಡ ವಿಮಾನಗಳೇ ಅದನ್ನು ಬಳಸಿಕೊಂಡು ಹೋಗುತ್ತವೆ, ನಮ್ಮ ಪುಟ್ಟ ವಿಮಾನ ಸಿಕ್ಕಿಬಿದ್ದರೆ ಮುಗಿಯಿತು ಎಂದು. ಆಗ ಕಥೆ ಕೇಳಿದ ಹಾಗೆ ಕೇಳಿದ್ದ.

"ಎಲ್ಲಪ್ಪ ಜವರಯ್ಯ ನಿನ್ ಇಮಾನ? ದಾರೀಲಿ ಪಂಚರ್ ಆಯ್ತಾ?" ಎಂದ ಪುಟ್ಟಮಲ್ಲಪ್ಪ. ಜನ ನಕ್ಕರು.

ಎರಡೂವರೆ ದಾಟಿತು. ಎರಡು ನಲವತ್ತಕ್ಕೆ ಎಲ್ಲೋ ದೂರದಿಂದ ಗುಂಯ್ಯೆಂದು ಒಂದು ಸದ್ದು ಶುರುವಾಗಿ ಹತ್ತಿರ ಹತ್ತಿರ ಬಂತು. "ಬಂದ್ಲು, ಬಂದ್ಲು," ಎಂದು ಹೆಂಗಸರೆಲ್ಲ ಎದ್ದು ನಿಂತರು. ಭದ್ರಮ್ಮ ಸೆರಗು ಎತ್ತಿ ಬೀಸಿದಳು. ಸದ್ದು ದೊಡ್ಡದಾಗಿ, ಉದ್ದವಾಗಿ, ಆಕಾಶದ ಈ ತುದಿಯಿಂದ ಆ ತುದಿಗೆ ಉರುಳಿಕೊಂಡು ಹೋಯಿತು. ಗುಡುಗು. ಹಿಂದೆಯೇ ತಣ್ಣನೆಯ ಗಾಳಿ ಕಣದ ಧೂಳನ್ನೆಲ್ಲ ಎತ್ತಿ ಮುಖಕ್ಕೆ ಹೊಡೆಯಿತು. ಎರಡು ನಿಮಿಷದಲ್ಲಿ ಎದುರಿಗೆ ನಿಂತವರ ಮುಖ ಕಾಣದಷ್ಟು ಮಳೆ. ಜನ ದಿಕ್ಕಾಪಾಲಾಗಿ ಓಡಿದರು. ಇಬ್ಬರು ಹೆಣ್ಣುಮಕ್ಕಳು ಭದ್ರಮ್ಮನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು.

ಜವರಯ್ಯ ಮಾತ್ರ ಕಣದಲ್ಲೇ ನಿಂತ. ಪುಟ್ಟಮಲ್ಲಪ್ಪ ಜಗುಲಿಯಿಂದ, "ಸಿಡ್ಲು ಕಣೋ, ಒಳೀಕ್ ಬಾರ್ಲಾ," ಎಂದು ಕೂಗಿದ್ದು ಕೇಳಿಸಿತು, ಆದರೂ ಕತ್ತೆತ್ತಿ ಮೇಲೆ ನೋಡುತ್ತಲೇ ಇದ್ದ. ಮಗಳು ಈಗ ಎಲ್ಲಿದ್ದಾಳೆ? ಹುಣಸೂರಿನ ಮೇಲೋ, ಈ ಕಪ್ಪಿನ ಒಳಗೋ? ಒಂದು ಸಲ ಮಿಂಚಿದಾಗ ಮೇಲೆ ಏನೋ ಬೆಳ್ಳಗೆ ಕಂಡ ಹಾಗಾಯಿತು. ಕೊಕ್ಕರೆ. ನನ್ನ ಮಾನ ಅಂತೆ, ಮಾನ. ಇಷ್ಟಗಲದ ಊರಿನಲ್ಲಿ ಇಷ್ಟುದ್ದದ ಮಾನ. ಅವನು ಮನೆದೇವರಿಗೆ ಹರಕೆ ಹೊತ್ತ. ಅದು ಸಾಲದೆನಿಸಿ, ಹುಟ್ಟಿದಂದಿನಿಂದ ಹೆಸರು ಕೇಳಿದ್ದ ದೇವರಿಗೆಲ್ಲ ಒಂದೊಂದು ಹೊತ್ತ.

ಎಷ್ಟು ಹೊತ್ತಾಯಿತೋ, ರುಕ್ಮಿಣಮ್ಮ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು, ಅದರ ಮರೆಯಲ್ಲಿ ಫೋನು ಹಿಡಿದು, ಕೆಸರಿನಲ್ಲಿ ಜಾರುತ್ತ ಓಡಿ ಬಂದಳು. ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಫೋನನ್ನು ಅವಳೇ ಅವನ ಕಿವಿಗೆ ಒತ್ತಿ ಹಿಡಿದಳು.

"ಅಪ್ಪ," ಎಂದಳು ರೂಪಶ್ರೀ ಆ ಕಡೆಯಿಂದ. ಅಳುತ್ತಿದ್ದಳು. "ಟವರ್ ಸಿಗ್ತಾ ಇರ್ಲಿಲ್ಲ, ಆಗ್ಲಿಂದ ಮಾಡ್ತಾನೇ ಇದ್ದೀನಿ. ತಪ್ಪಾಯ್ತು ಕಣಪ್ಪ. ನಾನು ಹಾರ್ಲಿಲ್ಲ."

ಜವರಯ್ಯ ಕೆಸರಿನಲ್ಲಿ ಹಾಗೇ ಕೂತುಬಿಟ್ಟ. ಹೋದ ಜೀವ ಬಂದು ಮೈ ಹೊಕ್ಕಂತಾಯಿತು, ಆದರೆ ಬಾಯಿಗೆ ಇನ್ನೂ ಬಂದಿರಲಿಲ್ಲ. ಅಪ್ಪ ಸುಮ್ಮನಿರುವುದು ಸಿಟ್ಟಿಗೆ ಎಂದುಕೊಂಡು ಅವಳು ಗಡಿಬಿಡಿಯಲ್ಲಿ ಹೇಳುತ್ತಲೇ ಹೋದಳು. ಹಾರಾಟ ಕಲಿಸುವ ಕ್ಯಾಪ್ಟನ್ ಕೃಷ್ಣಕುಮಾರ್ ಹಾರಲು ಒಪ್ಪಿಗೆಯ ಹಾಳೆಗೆ ಸಹಿ ಹಾಕಿದ್ದರಂತೆ. ಮೈಸೂರಿನಲ್ಲಿ ಆಕಾಶ ತಿಳಿಯಾಗೇ ಇತ್ತಂತೆ. ಅವಳು ವಿಮಾನದಲ್ಲಿ ಕೂತು ಪಟ್ಟಿ ಬಿಗಿದುಕೊಂಡೂ ಆಗಿತ್ತಂತೆ.

"ಹೊರಡೋ ಮುಂಚೆ ಇನ್ನೊಂದ್ಸಲ ವೆದರ್ ಓದಿದ್ರು. ಗಾಳಿಯ ಬಿಸಿ ಇಪ್ಪತ್ತೇಳು, ಇಬ್ಬನಿ ಕಟ್ಟೋ ಬಿಸಿ ಇಪ್ಪತ್ತೈದು. ಬೆಳಿಗ್ಗೆ ಅವೆರಡೂ ಅಷ್ಟು ಹತ್ರ ಇರ್ಲಿಲ್ಲ. ನಮ್ಮ್ ಬ್ಯಾರನ್ ನೆನಪಾಯ್ತು. ಇಳಿದುಬಿಟ್ಟೆ. ಅಷ್ಟ್ ಜನ ಕಾಯ್ತಾ ಇರ್ತಾರೆ, ನಿಂಗೆ ಅವಮಾನ ಆಯ್ತದೆ ಅಂತ ಗೊತ್ತಿತ್ತು. ಆದ್ರೂ ಇಳಿದುಬಿಟ್ಟೆ ಕಣಪ್ಪ. ಸರ್ ಬಯ್ಯಲಿಲ್ಲ, ಸರಿಯಾಗೇ ಮಾಡ್ದೆ ಅಂದ್ರು. ನೀನು ಬಯ್ತೀಯಾ?"

ಜವರಯ್ಯ ಏನೇನೋ ಹೇಳಬೇಕೆಂದಿದ್ದ. ಬಾಯಿಗೆ ಬಂದದ್ದು ಒಂದೇ.

"ಉಂಡ್ಯಾ ಮಗ?"

ಆ ಕಡೆಯಿಂದ "ಇಲ್ಲ," ಎಂದು ಅಳು ನಗು ಎರಡೂ ಸೇರಿದ ದನಿ ಬಂತು.

"ಮೊದ್ಲು ಉಣ್ಣೋಗು. ಮಾನ ಗೀನ ಅಂದ್ನಲ್ಲ, ಅದ ತಲೇಲಿ ಇಟ್ಕಬ್ಯಾಡ. ಆ ಮಾತ ಆಡಬಾರ್ದಾಗಿತ್ತು ನಾನು. ಇನ್ಮ್ಯಾಕೆ ಯಾವತ್ತು ಬತ್ತೀನಿ ಅಂತ ಯಾರ್ಗೂ ಯೋಳ್ಬ್ಯಾಡ, ನಂಗೂ ಯೋಳ್ಬ್ಯಾಡ. ನಿಂಗೆ ಸರಿ ಅಂತ ಕಂಡ್ ದಿನ ಬಾ."

ಸಂಜೆ ನಾಲ್ಕೂವರೆಗೆ ಮಳೆ ನಿಂತಿತು. ಜಗುಲಿಗಳಲ್ಲಿ ಮುದುಡಿಕೊಂಡಿದ್ದವರೆಲ್ಲ ಒಬ್ಬೊಬ್ಬರೇ ಬಂದು, ತಳ ಹಿಡಿದ ಪಾಯಸವನ್ನೇ ಲೋಟದಲ್ಲಿ ಕುಡಿದರು. ಆಡಿಕೊಂಡು ನಗುತ್ತಾರೇನೋ ಎಂದು ಜವರಯ್ಯ ಕಾದ. ಯಾರೂ ನಗಲಿಲ್ಲ. ಆ ಆಕಾಶವನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಪುಟ್ಟಮಲ್ಲಪ್ಪ ಲೋಟ ಕೆಳಗಿಟ್ಟು, "ಆ ಕ್ಯಾಪ್ಟನ್ನೇ ಸಹಿ ಹಾಕುದ್ರೂ ಇಳುದ್ಲಂತಾ? ಮಳೆ ಗಾಳೀಲಿ ಈಗ ಪಾಸಾದ್ಲು ಬುಡು," ಎಂದು ಇನ್ನೊಂದು ಲೋಟಕ್ಕೆ ಕೈಚಾಚಿದ.

ಆಮೇಲೆ ಜವರಯ್ಯನಿಗೆ ಬ್ಯಾರನ್ ನೆನಪಾಯಿತು. ಬೆಳಿಗ್ಗೆ ಬಿಟ್ಟ ಬಾಗಿಲು ಬಿಟ್ಟ ಹಾಗೇ ಇತ್ತು. ಇರಚಲು ಒಳಗೆ ನುಗ್ಗಿ ಕೆಳಗಿನ ಎರಡು ಸಾಲಿನ ಸೊಪ್ಪು ತೊಪ್ಪೆಯಾಗಿತ್ತು. ಈ ವರ್ಷ ಕೊನೆಗೆ ಬೇಯಿಸಿದ ಬ್ಯಾರನ್, ಚೆನ್ನಾಗಿ ಬಣ್ಣ ಬಂದಿದ್ದ ಸೊಪ್ಪು. ಬೇರೆ ದಿನವಾಗಿದ್ದರೆ ಹೆಂಡತಿಯ ಮೇಲೆ, ಮಳೆಯ ಮೇಲೆ, ತನ್ನ ಹಣೆಬರಹದ ಮೇಲೆ ಹರಿಹಾಯುತ್ತಿದ್ದ. ಈಗ ಒಂದು ಸೊಪ್ಪು ಹಿಂಡಿ ನೋಡಿ, "ಹೋದ್ರೆ ಹೋಗ್ಲಿ," ಎಂದು ಕೈ ಒರೆಸಿಕೊಂಡ. ನಿಜವಾಗಿಯೂ ಅವನಿಗೆ ಏನೂ ಅನ್ನಿಸಲಿಲ್ಲ.

ಏಣಿ ಆನಿಸಿ ಮಾಡು ಹತ್ತಿದ. ಸೀರೆ ನೀರು ಕುಡಿದು ಸೀಟಿಗೆ ಅಂಟಿಕೊಂಡಿತ್ತು. ಬಣ್ಣ ಬಿಟ್ಟು, ಸೀಟಿನ ಕಾಲುವೆಗಳಲ್ಲಿ ಕೆಂಪು ನೀರು ಇಳಿಯುತ್ತಿತ್ತು. ಒಂದು ಮೂಲೆಯ ಕಲ್ಲು ಜಾರಿ, ಸೆರಗು ಮಡಚಿಕೊಂಡಿತ್ತು. ಅವನು ಬಗ್ಗಿ ಅದನ್ನು ಸುತ್ತಲು ಶುರುಮಾಡಿದ.

"ಅದ್ಯಾಕ್ಲಾ ತಗೀತಿದ್ದೀಯೆ?" ಎಂದಳು ಭದ್ರಮ್ಮ ಕೆಳಗಿನಿಂದ. ಅವಳ ಕುರ್ಚಿಯನ್ನು ಮತ್ತೆ ಕಣಕ್ಕೆ ತಂದು ಹಾಕಿದ್ದರು.

"ಮದ್ವೆ ಸೀರೆ ಕಣವ್ವ, ಹಾಳಾಯ್ತದೆ. ಇವತ್ತು ಬರಲ್ಲ ಅವ್ಳು."

"ಇವತ್ ಬರಲ್ಲ. ಯಾವತ್ ಬತ್ತಾಳೆ?"

"ಯಾರ್ಗೊತ್ತು."

"ಅಂಗಾದ್ರೆ ಇರ್ಲಿ ಬುಡು."

ಜವರಯ್ಯ ತಲೆ ಎತ್ತಿ ನೋಡಿದ. ಕಾಡಿನ ಕಡೆ ಆಕಾಶ ತೊಳೆದಿಟ್ಟ ಹಾಗಿತ್ತು. ಅವನು ಸುತ್ತಿದ್ದ ಸೀರೆಯನ್ನು ಬಿಚ್ಚಿ, ನೀರು ಹಿಂಡಿ, ಸುಕ್ಕು ತೆಗೆದು ಮತ್ತೆ ಹಾಸಿದ. ಜಾರಿದ್ದ ಕಲ್ಲನ್ನು ಹುಡುಕಿ ಸೆರಗಿನ ತುದಿಯ ಮೇಲಿಟ್ಟ. ಅಷ್ಟು ಸಾಲದೆನಿಸಿ ಕೆಳಗಿಳಿದು, ಇನ್ನೊಂದು ಕಲ್ಲು ಹೊತ್ತುಕೊಂಡು ಏಣಿ ಹತ್ತಿದ.