ಡ್ರೈವರ್ ಸೀಟು ಯಾರದು

"ಅಕ್ಕಾ, ವ್ಯಾನ್ ತಗೊಂಡ್ರೂ ಅಪ್ಪ ಓಡಿಸಲ್ಲವಂತೆ ಕಣೇ. ಹಿಂದಿನ ಸೀಟಲ್ಲಿ ಕೂರ್ತಾರಂತೆ."

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಅಕ್ಕ ಒಂದು ಫ್ರೇಮಿಗೆ ಸಾಸಿವೆಯಷ್ಟು ಚಿಕ್ಕ ಸ್ಕ್ರೂ ಕೂರಿಸುತ್ತಿದ್ದಳು. ಫೋನಿನಲ್ಲಿ ತಮ್ಮ ಬಾಯಿಬಿಟ್ಟದ್ದೇ ತಡ, ಸ್ಕ್ರೂ ಚಿಮ್ಮಿ ಎಲ್ಲಿಗೋ ಹಾರಿತು. ಅವನ ಹೊಟ್ಟೆಯಲ್ಲಿ ಮಾತು ನಿಂತರೆ ತಾನೆ. ಬಸ್ ಓಡಿಸಿ ಮನೆಗೆ ಬಂದ ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸುತ್ತಾ ಹಾಗೇ ಹೇಳಿಬಿಟ್ಟರಂತೆ. ಅಮ್ಮ ಮುಖ ಊದಿಸಿಕೊಂಡು, ಹಾಗಾದರೆ ವ್ಯಾನೂ ಬೇಡ ಏನೂ ಬೇಡ ಎಂದಳಂತೆ.

ಎಲ್ಲರಿಗೂ ವ್ಯಾನಿನ ಹುಚ್ಚು ಹತ್ತಿಸಿದವಳೇ ಅಕ್ಕ. ಪುಟ್ಟ ಕಾರಿನಲ್ಲಿ ಐವರೂ ಕೂತರೆ ಬಾಗಿಲು ಹಾಕುವಾಗ ಉಸಿರು ಬಿಗಿಹಿಡಿಯಬೇಕು. ಮಂಡಿ ಮಡಚಲಾಗದ ಅಜ್ಜಿ ಈಗೀಗ ನೀವು ಹೋಗಿ ಬನ್ನಿ ಎಂದು ಮನೆಯಲ್ಲೇ ಉಳಿದುಬಿಡುತ್ತಿದ್ದಳು. ಅವಳು ಹೊಸ್ತಿಲಲ್ಲಿ ನಿಂತು ಕೈಬೀಸುವುದನ್ನು ನೋಡಲಾರದೆ ಅಕ್ಕ ಎಲ್ಲರನ್ನೂ ಶೋರೂಮಿಗೆ ಹೊರಡಿಸಿದ್ದಳು. ಅಲ್ಲಿ ಸೀಟಿಗಾಗಿ ಜಗಳವೋ ಜಗಳ. ಜಾರುವ ಬಾಗಿಲ ಪಕ್ಕ ಅಜ್ಜಿಗೆಂದು ಹೇಗೋ ತೀರ್ಮಾನವಾಯಿತು. ಹಿಂದಿನ ಸಾಲು ಪೂರ್ತಿ ತನ್ನದೆಂದು ತಮ್ಮ ಕಾಲು ಚಾಚಿ ಮಲಗಿಯೇ ಬಿಟ್ಟ. ಡ್ರೈವರ್ ಸೀಟಿನಲ್ಲಿ ಮಾತ್ರ ಯಾರೂ ಕೂತು ನೋಡಲಿಲ್ಲ. ಅದು ಅಪ್ಪನದು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಪ್ಪನನ್ನು ಕೇಳಿದವರೂ ಇರಲಿಲ್ಲ.

ಅಂಗಡಿ ಮುಚ್ಚಿ ಮನೆಗೆ ಬಂದವಳು ಚಪ್ಪಲಿ ಕಳಚುವ ಮೊದಲೇ ಅಪ್ಪನ ಮುಂದೆ ನಿಂತಳು. ಅಪ್ಪ ಸಮಾಧಾನವಾಗಿ ಹೇಳಿದರು:

"ದಿನಾ ನಿನ್ನ ಅಂಗಡಿ ಮುಂದೇನೇ ಬಸ್ ತರ್ತೀನಿ ಕಣಮ್ಮ. ಅದರ ಬೋರ್ಡು ಯಾವ ಬಣ್ಣ ಅಂತ ಕೇಳು, ಗೊತ್ತಿಲ್ಲ. ಸಿಗ್ನಲ್ಲು, ಕನ್ನಡಿ, ಮುಂದಿನ ಗಾಡಿ ಹಿಂಭಾಗ, ಇಷ್ಟೇ ನಾನು ನೋಡೋದು. ರಜೆ ದಿನನಾದ್ರೂ ಕಿಟಕಿ ಪಕ್ಕ ಕೂತು ಆಚೆ ನೋಡ್ಬೇಕು."

"ಚಿಕ್ಕವನಿದ್ದಾಗ್ಲೂ ಹೀಗೇ. ಕಿಟಕಿ ಸಿಗದಿದ್ರೆ ಊರಿಗೇ ಕೇಳೋ ಹಾಗೆ ಅಳ್ತಿದ್ದ," ಎಂದಳು ಅಜ್ಜಿ.

ಹಾಗಾದರೆ ಓಡಿಸುವವರು ಯಾರೆಂದು ಅಕ್ಕ ಒಬ್ಬೊಬ್ಬರನ್ನೇ ಲೆಕ್ಕ ಹಾಕಿದಳು. ಅಮ್ಮ ಸ್ಟೀರಿಂಗ್ ಮುಟ್ಟಿದವಳಲ್ಲ. ತಮ್ಮ ಲೈಸೆನ್ಸ್ ಪರೀಕ್ಷೆಯಲ್ಲಿ ರಿವರ್ಸ್ ಹೋಗಿ, ಪರೀಕ್ಷೆ ಮಾಡುವವರ ಕುರ್ಚಿಗೇ ಗುದ್ದಿ ಬಂದವನು. ಉಳಿದವಳು ತಾನೇ. ಪುಟ್ಟ ಕಾರನ್ನು ಅವಳು ನೀರು ಕುಡಿದಷ್ಟು ಸಲೀಸಾಗಿ ಓಡಿಸುತ್ತಿದ್ದಳು. ಆದರೆ ಅಪ್ಪ ಪಕ್ಕದಲ್ಲಿ ಕೂತರೆ ಸಾಕು, ಅವರ ಕಾಲು ಇಲ್ಲದ ಬ್ರೇಕನ್ನು ಒತ್ತುವುದು ಕಂಡು ಇವಳ ಕೈ ಬಿಗಿಯುತ್ತಿತ್ತು.

"ನಾನು ಓಡಿಸ್ತೀನಿ," ಎಂದಳು.

"ಅಷ್ಟುದ್ದದ್ದನ್ನಾ? ನಮ್ಮ ಗಲ್ಲೀಲಿ ತಿರುಗಿಸ್ತೀಯಾ?" ಅಮ್ಮ ಹುಬ್ಬೇರಿಸಿದಳು.

"ತಿರುಗಿಸಿ ನೋಡೇ ತಗೊಳ್ಳೋಣ. ನಾಳೆ ಹೇಗೂ ಎಲ್ರಿಗೂ ರಜೆ, ಟ್ರಯಲ್‌ಗೆ ಅಂತ ಇಲ್ಲಿಗೇ ತರ್ತೀನಿ. ತಿರುಗ್ಲಿಲ್ಲ ಅಂದ್ರೆ ಬೇರೆ ಗಾಡಿ ನೋಡಿದ್ರಾಯ್ತು. ಆದ್ರೆ ಅಪ್ಪ, ನೀವು ಕೊನೇ ಸಾಲಲ್ಲಿ ಕೂರ್ಬೇಕು. ನನ್ನ ಪಕ್ಕ ಬೇಡ."

"ಬಾಯಿ ಬಿಡಲ್ಲಮ್ಮ."

"ಕಾಲು?"

"ಕಾಲಿಂದು ನಾನು ಗ್ಯಾರಂಟಿ ಕೊಡಲ್ಲ."

ಅಮ್ಮನೂ ನಕ್ಕುಬಿಟ್ಟಳು. ನನ್ನ ಸಾಲು ಹೋಯ್ತು ಎಂದು ತಮ್ಮ ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಸಿ ಆರುವ ಮೊದಲೇ ಅಕ್ಕ ಶೋರೂಮಿಗೆ ಫೋನ್ ಹಚ್ಚಿದಳು. ಸೇಲ್ಸ್‌ನವನು ಶೋರೂಮಿನ ಹಿಂದಿನ ಅಗಲ ರಸ್ತೆಯಲ್ಲೇ ಒಂದು ಸುತ್ತು ಹೊಡೆಸುತ್ತೇನೆಂದ. ಅದು ಆಗದು, ಗಾಡಿ ನಮ್ಮ ಗಲ್ಲಿಗೆ ಬರಬೇಕು ಎಂದು ಇವಳು ಪಟ್ಟು ಹಿಡಿದಳು. ಕೊನೆಗೆ ಅವನೇ ಸೋತು ಒಪ್ಪಿಕೊಂಡ.

"ಓಡಿಸೋರು ಸರ್ ತಾನೆ ಮೇಡಂ?"

"ಅಲ್ಲ, ನಾನೇ."

"ಹಾಗಾದ್ರೆ ನಿಮ್ಮ ಲೈಸೆನ್ಸ್ ತನ್ನಿ. ನಾಳೆ ಬೆಳಗ್ಗೆ ಹತ್ತಕ್ಕೆ ಗಾಡಿ ರೆಡಿ ಇಟ್ಟಿರ್ತೀನಿ. ಎಷ್ಟು ಜನ ಬರ್ತೀರಾ?"

ಅಕ್ಕ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಆಗಲೇ ನಾಳೆಗೆ ಯಾವ ಸೀರೆ ಉಡುವುದೆಂದು ಅಮ್ಮನನ್ನು ಕೇಳುತ್ತಿದ್ದಳು.

"ಐದೂ ಜನ," ಎಂದಳು ಅಕ್ಕ. "ಹತ್ತಕ್ಕೆ ಸರಿಯಾಗಿ ಬರ್ತೀವಿ."