ಬ್ಯಾಡಗಿಯವರಿಗೆ ಟಿಕೆಟ್ ಇಲ್ಲ

ಕಳೆದ ವರ್ಷ ಬ್ಯಾಡಗಿಯ ಫುಟ್‌ಬಾಲ್ ಕ್ಲಬ್ಬಿನವರು ರಾಣೆಬೆನ್ನೂರಿನ ಅಭಿಮಾನಿಗಳಿಗೆ ಟಿಕೆಟ್ ಕೊಟ್ಟಿರಲಿಲ್ಲ. ಈ ಸಲ ಪಂದ್ಯ ರಾಣೆಬೆನ್ನೂರಿನಲ್ಲಿತ್ತು. ಅಲ್ಲಿನವರು ಸೇಡು ತೀರಿಸಿಕೊಂಡರು. ಬ್ಯಾಡಗಿಯ ಗೋಲ್‌ಕೀಪರ್ ಸರ್ಫರಾಜನ ತಾಯಿ ಮಕ್ತುಮಬಿ, ರಾಣೆಬೆನ್ನೂರಿನಲ್ಲಿದ್ದ ತನ್ನ ತಂಗಿಯ ಟಿಕೆಟ್ ಪಡೆದು ಎದುರಾಳಿಗಳ ನಡುವೆ ಸುಮ್ಮನೆ ಕುಳಿತಳು.

ಚೆಂಡಿಗೆ ಹಾರಿದ ಸರ್ಫರಾಜ ಗೋಲಿನ ಕಂಬಕ್ಕೆ ತಲೆ ಬಡಿದು ಬಿದ್ದ. ಸುತ್ತಲಿನವರು ಶಿಳ್ಳೆ ಹೊಡೆದರು.

"ಶಿಳ್ಳಿ ಹೊಡೀಬ್ಯಾಡ್ರಿ. ಅವ ನನ್ನ ಮಗ," ಎಂದಳು ಮಕ್ತುಮಬಿ.

"ಬ್ಯಾಡಗಿಯಾಕಿ ಒಳಗ ಹೆಂಗ ಬಂದಿ?" ಎಂದ ಒಬ್ಬ. ಕಾವಲಿನವರು ಅವಳನ್ನು ಹೊರಹಾಕಿ ಗೇಟು ಮುಚ್ಚಿದರು. ಎಷ್ಟು ಬಡಿದರೂ ತೆಗೆಯಲಿಲ್ಲ.

ಸರ್ಫರಾಜನನ್ನು ಇನ್ನೊಂದು ಗೇಟಿನಿಂದ ಆಸ್ಪತ್ರೆಗೆ ಒಯ್ದಿದ್ದರು. ಅವಳು ಅಲ್ಲಿಗೆ ಮುಟ್ಟಿದಾಗ ಮಗನ ಉಸಿರು ನಿಂತಿತ್ತು.

ಮಣ್ಣು ಮಾಡುವ ದಿನ ರಾಣೆಬೆನ್ನೂರಿನ ಆಟಗಾರರು ಬಂದರು. ಬ್ಯಾಡಗಿಯ ಹುಡುಗರು ಅವರನ್ನು ಬಾಗಿಲಲ್ಲೇ ತಡೆದರು.

"ಒಳಗ ಬಿಡ್ರಿ," ಎಂದಳು ಮಕ್ತುಮಬಿ. "ಅವನ ಮಾರಿ ನೋಡ್ಲಿ."