ಕೆಳಗಿಟ್ಟ ಗಹ್ವಾ

ಲಾನ್ಸೆಲೊಟ್ ಮಹಾ ಮೊಂಡ. ಇದನ್ನು ಹೇಳುವ ಹಕ್ಕು ನನಗಿದೆ. ಈ ಗಲ್ಫ್ ದೇಶದ ಈಸಾ ಟೌನ್‌ನ ಸಿದ್ರಾ ಹ್ಯಾಂಡ್‌ಬಾಲ್ ತಂಡದ ಆಟಗಾರರಿಗೆ ಮಸಾಜ್ ಮಾಡುವವನು ಅವನು. ಆ ತಂಡದ ಬಸ್ಸು ಓಡಿಸುವವನು ನಾನು, ಹುಸೈನಬ್ಬ. ಅವನು ಮೂಡುಬೆಳ್ಳೆಯ ಕೊಂಕಣಿ ಕ್ರಿಶ್ಚಿಯನ್, ನಾನು ಉಳ್ಳಾಲದ ಬ್ಯಾರಿ. ಇಲ್ಲಿ ಸೆಗಯಾದ ಹಳೇ ಕಟ್ಟಡವೊಂದರಲ್ಲಿ ಒಂದೇ ಗೋಡೆಯ ಆಚೆ ಈಚೆ ನಮ್ಮ ಮನೆಗಳು. ಅವನ ಹೆಂಡತಿ ಮಾರ್ಥಾ ಬಾಯಿ ಮೀನು ಹುರಿದ ದಿನ ನಮ್ಮ ಮನೆಯಲ್ಲಿ ಅನ್ನ ಸಾಲುವುದಿಲ್ಲ.

ಆ ಚಳಿಗಾಲದ ಮಳೆಗೆ ನಮ್ಮ ಆಟದ ಹಾಲ್‌ನ ಮೇಲಿನ ಮಾಡು ಸೋರಿ, ಬಾಗಿಲಿಗೆ ಬೀಗ ಬಿತ್ತು. ಹಾಲ್ ಸರ್ಕಾರದ್ದು, ತಂಡ ಮಾತ್ರ ಒಂದು ಕಂಪನಿಯದ್ದು. ಕಂಪನಿಗೆ ಅಷ್ಟೇ ನೆಪ ಸಾಕಾಯಿತು. ತಂಡವನ್ನು ಹಮದ್ ಟೌನ್‌ಗೆ ಒಯ್ಯುತ್ತೇವೆ, ಹೆಸರೂ ಬಣ್ಣವೂ ಬೇರೆ ಇಡುತ್ತೇವೆ ಎಂದರು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಹಮದ್ ಟೌನ್ ಏನು ಮಹಾ ದೂರ ಎಂದು ನೀವು ಕೇಳಬಹುದು. ಕಾರಿದ್ದವರಿಗೆ ದೂರವಲ್ಲ. ಆದರೆ ಸಂಜೆಯ ನಮಾಜು ಮುಗಿಸಿ ಕೋಲೂರಿಕೊಂಡು ಆಟ ನೋಡಲು ಬರುವ ಈಸಾ ಟೌನ್‌ನ ಮುದುಕರು ಅಷ್ಟೊಂದು ರೌಂಡ್‌ಅಬೌಟ್ ಸುತ್ತಿ ಹೋಗುತ್ತಾರೆಯೇ? ಸ್ವಂತ ಬೀದಿಯವರೇ ಕೂಗದ ತಂಡ ಯಾರ ತಂಡ? ಕಂಪನಿಯ ಮ್ಯಾನೇಜರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಲಾನ್ಸಿ ನನ್ನ ಹಾಗೆ ಕೂಗಾಡುವವನಲ್ಲ. ಮಸಾಜ್ ಕೋಣೆಯಲ್ಲಿ ಕೂತು, ಮಡಚಿದ ಟವೆಲುಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದ.

"ಹೆಸರು ತೆಗೆದ ಮೇಲೆ ಉಳಿಯುವುದೆಂತ ಹುಸೈನಾಕ? ಬರೀ ಕೈಕಾಲು," ಎಂದ ಒಂದು ದಿನ.

ಆ ವರ್ಷ ನಮ್ಮ ರಮಝಾನೂ ಅವರ ತಪಸ್ಸು ಕಾಲವೂ ಒಟ್ಟಿಗೆ ಬಂದಿದ್ದವು. ನಮ್ಮದು ಮುಗಿದು ಈದ್ ಬಂತು, ಅವನದು ಮುಗಿದಿರಲಿಲ್ಲ. ಈಸ್ಟರ್‌ವರೆಗೆ ಕಾಫಿ ಮುಟ್ಟುವುದಿಲ್ಲವೆಂದು ಲಾನ್ಸಿ ದೇವರಿಗೆ ಮಾತು ಕೊಟ್ಟಿದ್ದ. ಕಾಫಿಯೆಂದರೆ ಪ್ರಾಣ ಬಿಡುವವನು, ಬಿಡುವುದಕ್ಕೆ ಅದನ್ನೇ ಆರಿಸಿಕೊಂಡಿದ್ದ.

ಈದ್ ಬೆಳಿಗ್ಗೆ ಶುಭಾಶಯ ಹೇಳಲು ನಾವೆಲ್ಲ ಅಬು ಯೂಸುಫ್ ಅವರ ಮಜ್ಲಿಸ್‌ಗೆ ಹೋದೆವು. ಸರ್ಕಾರದ ಆಟದ ಹಾಲ್‌ಗಳೆಲ್ಲ ಅವರ ಇಲಾಖೆಯ ಕೈಯಲ್ಲಿ. ಹಬ್ಬದ ದಿನ ಅವರ ಮನೆಯ ಆ ದೊಡ್ಡ ಕೋಣೆ ಎಲ್ಲರಿಗೂ ತೆರೆದಿರುತ್ತದೆ. ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಬಸ್ಸಿನಲ್ಲೇ ಎಚ್ಚರಿಸಿದ್ದ: ಸಲಾಂ ಹೇಳಿ, ಗಹ್ವಾ ಕುಡಿದು, ಎದ್ದು ಬನ್ನಿ, ತಂಡದ ಸುದ್ದಿ ಎತ್ತಬೇಡಿ. ಒಳಗೆ ಹೋದರೆ ಕಂಪನಿಯ ಮ್ಯಾನೇಜರ್ ನಮಗಿಂತ ಮೊದಲೇ ಬಂದು ಕೂತಿದ್ದ.

ಹಿಡಿಯಿಲ್ಲದ ಪುಟ್ಟ ಕಪ್ಪುಗಳಲ್ಲಿ ಗಹ್ವಾ ಬಂತು, ಅರಬರ ಕಾಫಿ. ಬೇಡವೆಂದರೆ ಮರ್ಯಾದೆಯಲ್ಲ. ಲಾನ್ಸಿ ಬಲಗೈಯಲ್ಲಿ ತೆಗೆದುಕೊಂಡ, ಒಮ್ಮೆ ಮೂಸಿದ, ತುಟಿಗೂ ತಾಗಿಸದೆ ಮುಂದಿನ ಮೇಜಿನ ಮೇಲೆ ಇಟ್ಟುಬಿಟ್ಟ.

ನಾನು ಅವನ ಮೊಣಕೈ ತಿವಿದೆ. ಅರಬರ ಹಳೇ ಪದ್ಧತಿ ಅದು. ಅತಿಥಿ ಗಹ್ವಾ ಕುಡಿಯದೆ ಕೆಳಗಿಟ್ಟರೆ ಅವನದೊಂದು ಕೋರಿಕೆ ಇದೆಯೆಂದು ಅರ್ಥ. ಮನೆಯ ಯಜಮಾನ ಅದನ್ನು ಕೇಳಲೇಬೇಕು. ನಡೆಸಿಕೊಡುವುದಾದರೆ 'ಕುಡಿ' ಎನ್ನುತ್ತಾನೆ. ಇಷ್ಟು ವರ್ಷ ಈ ದೇಶದ ಅನ್ನ ತಿಂದ ಲಾನ್ಸಿಗೆ ಇದು ಗೊತ್ತಿರಲಿಲ್ಲ.

ಅಬು ಯೂಸುಫ್ ಕಪ್ಪನ್ನೂ ನೋಡಿದರು, ಅವನನ್ನೂ ನೋಡಿದರು.

"ನಿನ್ನ ಕೋರಿಕೆ ಏನು?" ಎಂದು ಅರಬಿಯಲ್ಲಿ ಕೇಳಿದರು.

ಲಾನ್ಸಿ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗಿದ.

"ಕಪ್ಪು ಕೆಳಗಿಟ್ಟರೆ ಎಂತದೋ ಕೇಳ್ಲಿಕ್ಕುಂಟು ಅಂತ ಮಾರಾಯ," ಎಂದು ಪಿಸುಗುಟ್ಟಿದೆ. "ವ್ರತ ಅಂತ ಹೇಳು, ಬಿಡ್ತಾರೆ."

ಅಷ್ಟು ಹೇಳಿದ್ದರೆ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಅವನಿಗೆ ಸಂಬಳ ಕೊಡುವ ಮ್ಯಾನೇಜರ್ ಎದುರಿಗೇ ಇದ್ದ. ಆದರೂ ಲಾನ್ಸಿ ಎದ್ದು ನಿಂತು, ತನ್ನ ಹರಕು ಅರಬಿಯಲ್ಲಿ ಶುರು ಮಾಡಿದ.

"ಸಿದ್ರಾ ಈಸಾ ಟೌನ್‌ನಲ್ಲೇ ಇರಬೇಕು. ಹುಡುಗರ ಮಂಡಿ ನೋವಾದರೆ ನಾನು ಮಂಡಿ ತಿಕ್ಕುತ್ತೇನೆ. ಹುಡುಗನನ್ನು ಬೇರೆ ಮನೆಗೆ ಕೊಟ್ಟುಬಿಡಿ ಎಂದು ಅವನ ತಾಯಿಗೆ ಹೇಳುವುದಿಲ್ಲ. ನೋವಾದದ್ದು ಮಾಡಿಗೆ. ಮಾಡು ನಿಮ್ಮದು."

ಸರ್ಕಾರದವರ ಮನೆಯಲ್ಲೇ ನಿಂತು 'ಮಾಡು ನಿಮ್ಮದು' ಎಂದ ಇನ್ನೊಬ್ಬನನ್ನು ನಾನು ನೋಡಿಲ್ಲ. ಕಾರ್ಯದರ್ಶಿ ಕಣ್ಣು ಮುಚ್ಚಿಕೊಂಡ. ನನಗೆ ಹೆದರಿಕೆಯೂ ಆಯಿತು, ಎದೆ ಉಬ್ಬಿಯೂ ಬಂತು.

ಅಬು ಯೂಸುಫ್ ಗಡ್ಡ ಸವರಿಕೊಂಡು ಮ್ಯಾನೇಜರ್ ಕಡೆ ತಿರುಗಿದರು. "ಮುಂದಿನ ಸೀಸನ್ನಿಗೆ ಮೊದಲು ಇಲಾಖೆ ಮಾಡು ಕಟ್ಟಿಸಿಕೊಟ್ಟರೆ, ನೀವು ಹೋಗಲು ಬೇರೆ ಕಾರಣ ಇದೆಯೇ?"

ಮ್ಯಾನೇಜರ್ ಸುತ್ತ ನೋಡಿದ. ಅರ್ಧ ಈಸಾ ಟೌನ್ ಅಲ್ಲಿ ಕೂತಿತ್ತು.

"ಇಲ್ಲ," ಎಂದ.

"ಹೆಸರು?"

"ಹೆಸರೂ ಇರಲಿ."

"ಹಾಗಾದರೆ ಕುಡಿ," ಎಂದರು ಅಬು ಯೂಸುಫ್, ಲಾನ್ಸಿಗೆ.

ಈಗ ದೇವರಿಗೆ ಕೊಟ್ಟ ಮಾತು ಒಂದು ಕಡೆ, ತಂಡ ಒಂದು ಕಡೆ. ಲಾನ್ಸಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಗಟಗಟ ಕುಡಿದ. ಸಾಕೆಂದು ಕಪ್ಪು ಅಲುಗಿಸಲು ನೆನಪಾಗದೆ, ಸುರಿದಷ್ಟನ್ನೂ ಕುಡಿದ. ಮಜ್ಲಿಸ್ ಇಡೀ ನಕ್ಕಿತು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಮ್ಯಾನೇಜರ್ ಲಾನ್ಸಿಯ ಪಕ್ಕಕ್ಕೆ ಬಂದ. "ತಂಡ ಇರುತ್ತದೆ. ಸೀಸನ್ ಶುರುವಾದ ಮೇಲೆ ನೀನಿರುವುದಿಲ್ಲ," ಎಂದ.

ಮನೆಯಲ್ಲಿ ಮಾರ್ಥಾ ಬಾಯಿ ಎಲ್ಲ ಕೇಳಿದರು. "ಮೊದಲು ಫಾದರ್ ಹತ್ರ ಹೋಗಿ ಕಾಫಿದು ಹೇಳಿ ಬನ್ನಿ. ಕೆಲಸದ್ದು ಆಮೇಲೆ ನೋಡುವ," ಎಂದರು. ಲಾನ್ಸಿ ನಗುತ್ತಿದ್ದ. "ಇರ್ಲಿ ಹುಸೈನಾಕ. ತಂಡ ಉಳಿಯಿತಲ್ಲ."

ಅವನು ಸುಮ್ಮನಿರಬಹುದು, ನಾನು ಸುಮ್ಮನಿರುವ ಆಸಾಮಿಯಲ್ಲ. ಬೇಸಿಗೆಯಲ್ಲಿ ಮಾಡಿನ ಕೆಲಸ ನೋಡಲು ಅಬು ಯೂಸುಫ್ ಬಂದಾಗ ಬಸ್ಸಿನಿಂದಿಳಿದು ಹೋಗಿ, ಚಪ್ಪಲಿಯ ಹತ್ತಿರ ನಡೆದದ್ದನ್ನು ಹೇಳಿದೆ. ಅವರು ತಲೆಯಾಡಿಸಿ ಕೆಲಸದವರ ಕಡೆ ನಡೆದರು.

ಸೀಸನ್ನಿನ ಮೊದಲ ಆಟದ ದಿನ ಹೊಸ ಮಾಡಿನ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಮುದುಕರೆಲ್ಲ ಮುಂದಿನ ಸಾಲಿನಲ್ಲಿ ಕೋಲು ಕುಟ್ಟುತ್ತಿದ್ದರು. ಅಬು ಯೂಸುಫ್ ಬಂದರು. ಅವತ್ತು ಅತಿಥಿ ಅವರು, ಯಜಮಾನ ಮ್ಯಾನೇಜರ್. ಗಹ್ವಾ ಬಂತು. ಅವರು ಕಪ್ಪು ತೆಗೆದುಕೊಂಡು, ಮೂಸಿ ನೋಡಿ, ಕುಡಿಯದೆ ಮುಂದಿನ ಮೇಜಿನ ಮೇಲೆ ಇಟ್ಟರು.

ಕೋಲುಗಳ ಸದ್ದು ನಿಂತಿತು.

"ನಿಮ್ಮ ಕೋರಿಕೆ ಏನು?" ಎಂದು ಕೇಳುವಾಗ ಮ್ಯಾನೇಜರನ ದನಿ ಸಣ್ಣಗಾಗಿತ್ತು.

"ಮಾಡು ಕಟ್ಟಿಸಿಕೊಟ್ಟಿದ್ದೇವೆ," ಎಂದರು ಅಬು ಯೂಸುಫ್, ಟವೆಲು ಹೆಗಲಿಗೆ ಹಾಕಿ ನಿಂತಿದ್ದ ಲಾನ್ಸಿಯ ಕಡೆ ಕೈ ತೋರಿಸಿ. "ಮಂಡಿ ನೋಡುವವನೂ ಇಲ್ಲೇ ಇರಬೇಕು."

ಮ್ಯಾನೇಜರ್ ಮುದುಕರ ಕಡೆ ನೋಡಿದ. ಅವರೆಲ್ಲ ಅವನ ಕಡೆಯೇ ನೋಡುತ್ತಿದ್ದರು.

"ಕುಡಿಯಿರಿ," ಎಂದ.

ಕೋಲುಗಳು ಮತ್ತೆ ಶುರುವಾದವು. ಲಾನ್ಸಿ ಟವೆಲಿನಿಂದ ಮುಖ ಮುಚ್ಚಿಕೊಂಡ. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ? ಅವತ್ತು ನಮ್ಮ ಹುಡುಗರು ಗೆದ್ದರು. ಗೆಲ್ಲದಿದ್ದರೆ ನಾನು ಅವರನ್ನು ಬಸ್ಸಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲ.

ಆಟ ಶುರುವಾಗುವ ಮೊದಲು ಗಹ್ವಾದವನು ಲಾನ್ಸಿಯ ಹತ್ತಿರವೂ ಬಂದ. ಲಾನ್ಸಿ ಕಪ್ಪು ತೆಗೆದುಕೊಂಡಾಗ, ಮತ್ತೆ ಕೆಳಗಿಡುತ್ತಾನೋ ಎಂದು ಸಾಲು ಸಾಲೇ ಅವನ ಕೈಯನ್ನು ನೋಡಿತು. ಅವನು ಒಂದೇ ಗುಟುಕಿಗೆ ಕುಡಿದು, ಇನ್ನೊಂದಕ್ಕೆ ಕಪ್ಪು ಚಾಚಿದ.